ಬಣವಿ ಬಾಜೂಕಿನ ಕಾರು

ಬಿ.ಎ. ಪಾಸಾದ ಮೇಲೆ ಏಕನಾಥ ಮನಸ್ಸಿಟ್ಟು ಮಾಡಿದ ಕೆಲಸವೆಂದರೆ ಪೋಸ್ಟ್‌ಮನ್‌ನ ದಾರಿ ಕಾಯುವುದು. ಅಣ್ಣಿಗೇರಿಯ ಅವರ ಓಣಿಗೆ ಆ ಪುಣ್ಯಾತ್ಮ ತಿರುಗುವ ಹೊತ್ತಿಗೆ ಸರಿಯಾಗಿ ಇವನು ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂಡುತ್ತಿದ್ದ. ನೌಕರಿ ಎನ್ನುವುದು ಸೈಕಲ್ ಮೇಲೆ ಕೂತು ಬಂದು ಮನೆಬಾಗಿಲಲ್ಲಿ ಇಳಿಯುತ್ತದೆ ಎಂದು ಅವನಿಗೆ ಯಾರು ಹೇಳಿದ್ದರೋ. ಅಪ್ಪ ಶಲವಡಿಯ ಶಾಲೆಯಲ್ಲಿ ಬಹಳ ವರ್ಷ ಮಾಸ್ತರರಾಗಿದ್ದು ತೀರಿಕೊಂಡವರು. ತಾಯಿ ಮಥುರಾಬಾಯಿ ಅವರ ಪಿಂಚಣಿಯಲ್ಲಿ ಮನೆ ತೂಗಿಸುತ್ತ, ಮಗ ಕಟ್ಟೆಯಿಂದ ಎದ್ದು ಒಳಗೆ ಬರುವಾಗ ಅವನ ಮುಖ ನೋಡದೆ ಒಲೆಯ ಕಡೆ ತಿರುಗುತ್ತಿದ್ದಳು. ಆ ತಿರುಗುವಿಕೆ ಅವನಿಗೆ ಬೈಗಳಿಗಿಂತ ಹೆಚ್ಚು ಚುಚ್ಚುತ್ತಿತ್ತು.

ಈ ನಾಟಕಕ್ಕೆ ತೆರೆ ಎಳೆದವನು ವೆಂಕಣ್ಣ ಕಾಕಾ, ಅಪ್ಪನ ತಮ್ಮ. ನವಲಗುಂದದ ಕೋರ್ಟಿನಲ್ಲಿ ಕಾರಕೂನನಾಗಿದ್ದು ನಿವೃತ್ತನಾದ ಮೇಲೆ ವಿಮಾ ಏಜೆಂಟನಾಗಿದ್ದ. ಒಳ್ಳೆಯ ಮಾತನ್ನೂ ಬೈದೇ ಹೇಳುವ ಮನುಷ್ಯ.

"ಅರ್ಜಿ ಬರದು ಬರದು ಪೋಸ್ಟಿನವರ ಹೊಟ್ಟಿ ತುಂಬಸ್ಲಿಕತ್ತೀ ನೋಡು," ಎಂದ ಕಾಕಾ. "ಕಾಗದ ನೋಡಿ ಯಾರೂ ನೌಕರಿ ಕೊಡೂದಿಲ್ಲೋ. ಕಚೇರಿಗೆ ಹೋಗು. ಯಾವ ಜಾಗಾ ಖಾಲಿ ಆಗೂದದ ಅಂತ ಕೇಳು. ಅಲ್ಲೆ ಕೆಲಸಾ ಮಾಡೋರ ಜೋಡಿ ಕೂತು ಚಹಾ ಕುಡಿ, ಅವರಿಗೆ ಎಲ್ಲಾ ಗೊತ್ತಿರ್ತದ. ಮತ್ತ ನೌಕರಿ ಸಿಗೂ ತನಕಾ ಕೈಯಾಗ ಏನರೆ ಒಂದು ಉದ್ಯೋಗ ಇಟ್ಕೋ. ಈಗ ಏನ್ ಮಾಡ್ತೀ ಅಂತ ಸಾಹೇಬ ಕೇಳಿದಾಗ, ಕಟ್ಟಿ ಮ್ಯಾಲೆ ಕೂಡ್ತೀನ್ರಿ ಅಂತ ಹೇಳಾಂವ ಏನು?"

ಹಾಗೆ ಏಕನಾಥ ವಿಮಾ ಏಜೆಂಟನಾದ. ಕಾಕಾ ಅವನನ್ನು ಎದುರಿಗೆ ಕೂಡಿಸಿಕೊಂಡು ಗಾಡಿ ವಿಮೆಯ ಪಾಠ ಮಾಡಿದ.

"ಮೊದಲ ಬಾಯಿ ತೆಗೀಬ್ಯಾಡ. ಗಾಡಿ ಯಾತಕ್ಕ ಬಳಸ್ತೀರಿ, ಯಾರು ಹೊಡೀತಾರ, ಎಲ್ಲೆ ನಿಲ್ಲಸ್ತೀರಿ, ಇದನ್ನ ಕೇಳು. ಅವರು ಹೇಳಿದ್ದು ಕೇಳಿಕೊಂಡು ಆಮ್ಯಾಲೆ ಯಾವ ವಿಮಾ ಅಂತ ಹೇಳು. ಸಣ್ಣ ವಿಮಾ ಅಂತ ಒಂದು ಅದ, ಅದು ಕಾಯದೆದ ಸಲುವಾಗಿ ಇರೂದು. ನಮ್ಮ ಗಾಡಿ ಮಂದೀಗೆ ಹಾಯ್ದರ ಆ ಮಂದೀಗೆ ಪರಿಹಾರ ಕೊಡ್ತದ. ನಮ್ಮ ಗಾಡಿ ಸುಡಲಿ, ಮುರೀಲಿ, ಕಳುವಾಗಲಿ, ನಮಗ ಏನೂ ಸಿಗೂದಿಲ್ಲ. ದೊಡ್ಡ ವಿಮಾದಾಗ ಅದೆಲ್ಲಾ ಬರ್ತದ. ಏನು ಸಿಗೂದಿಲ್ಲ ಅನ್ನೂದನ್ನ ಮೊದಲ ಹೇಳಬೇಕು. ಗಂಡಾ ಹೆಂಡ್ತಿ ಇಬ್ಬರೂ ಕೂತಿರಬೇಕು."

ಸ್ವಲ್ಪ ತಡೆದು ಕಾಕಾ ಇನ್ನೊಂದು ಮಾತು ಸೇರಿಸಿದ. "ಹಬ್ಬದ ದಿವಸ ಮಾತ್ರ ಹೋಗಬ್ಯಾಡ. ನಮ್ಮ ಮಂದಿ ಹಬ್ಬದ ದಿವಸ ಕೆಟ್ಟದ್ದರ ಮಾತು ಆಡಗೊಡೂದಿಲ್ಲ. ಕೆಟ್ಟದ್ದರ ಮಾತು ಆಡಲಾರದ ವಿಮಾ ಮಾರ್ಲಿಕ್ಕೆ ಬರೂದಿಲ್ಲ."

ಏಕನಾಥ ತಲೆ ಆಡಿಸಿದ. ಮಾಸ್ತರರ ಮಗನಲ್ಲವೇ, ಪಾಠ ಬಾಯಿಪಾಠ ಮಾಡುವುದು ರಕ್ತದಲ್ಲೇ ಬಂದಿತ್ತು.

ಕಾಕಾ ಹೇಳಿದ ಹಾಗೆ ಹುಬ್ಬಳ್ಳಿಗೆ ಹೋಗಿ ವಿಮಾ ಕಂಪನಿಯ ಕಚೇರಿಯ ಕಾರಕೂನರ ಜೊತೆ ಚಹಾ ಕುಡಿದದ್ದೂ ಫಲ ಕೊಟ್ಟಿತು. ದಸರೆ ಮುಗಿದ ಕೂಡಲೇ ಅಲ್ಲಿ ಒಂದು ಜಾಗಕ್ಕೆ ಸಂದರ್ಶನ ಇತ್ತು. ಸಾಹೇಬರು ಬೇರೆ ಏನೂ ಕೇಳುವುದಿಲ್ಲ, ಸ್ವಂತ ಕೈಯಿಂದ ಪಾಲಿಸಿ ಮಾಡಿಸಿದ್ದೀರೋ ಇಲ್ಲವೋ ಎಂದಷ್ಟೇ ಕೇಳುತ್ತಾರೆ ಎಂದು ಆ ಕಾರಕೂನರು ಹೇಳಿದರು. ಏಕನಾಥ ಊರೂರು ಸುತ್ತಿದ್ದ, ಆದರೆ ಒಂದು ಪಾಲಿಸಿಯನ್ನೂ ಮಾಡಿಸಿರಲಿಲ್ಲ. ಕಾರು ಇದ್ದವರೇ ಕಡಿಮೆ, ಇದ್ದವರಿಗೆ ಮೊದಲೇ ಒಬ್ಬ ಏಜೆಂಟ ಇರುತ್ತಿದ್ದ.

ಅಷ್ಟರಲ್ಲಿ ಶಲವಡಿಯ ಕುಬೇರಪ್ಪ ಕಾರು ತೆಗೆದುಕೊಂಡಿದ್ದಾನೆ ಎಂಬ ಸುದ್ದಿ ಬಂತು. ಕುಬೇರಪ್ಪ ಹತ್ತಿ ಬೆಳೆಯುವ ರೈತ, ಏಕನಾಥನ ಅಪ್ಪನ ಕೈಯಲ್ಲಿ ಕಲಿತವನು, ಅವರ ಹೆಸರು ಬಂದರೆ ಇವತ್ತಿಗೂ ಕೈ ಮುಗಿಯುವವನು. ಕೊಂಡದ್ದು ಧಾರವಾಡದ ವಕೀಲರೊಬ್ಬರು ಬಳಸಿದ ಹಳೆಯ ಅಂಬಾಸಿಡರ್. ಅದಕ್ಕಾಗಿ ಅವನ ಹೆಂಡತಿ ಸುಶೀಲವ್ವ ತವರಿನಿಂದ ತಂದ ಬಂಗಾರದ ಪಾಟಲಿಗಳನ್ನು ತಾನೇ ಕೈಯಿಂದ ಬಿಚ್ಚಿ ಕೊಟ್ಟಿದ್ದಳು. ಊರಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ದವಾಖಾನೆಗೆ ಹೋಗಲು ಒಂದು ಗಾಡಿ ಇರಲಿ ಎಂದು ಅವಳ ಆಸೆ. ಅವಳ ಮೊದಲ ಕೂಸು ಎತ್ತಿನ ಚಕ್ಕಡಿಯಲ್ಲೇ, ದಾರಿಯ ನಡುವೆಯೇ ಹೋಗಿತ್ತು.

ಹಳೆಯ ಕಾರಿಗೆ ದೊಡ್ಡ ವಿಮೆ ಬೇಕಾದರೆ ಮೊದಲು ಕಂಪನಿಯವರು ಬಂದು ಗಾಡಿ ತಪಾಸಣೆ ಮಾಡಬೇಕಿತ್ತು. ಅದಕ್ಕೆ ಕೆಲವು ವಾರ ಹಿಡಿಯುತ್ತಿತ್ತು. ಸಣ್ಣ ವಿಮೆಗಾದರೆ ಅದೇನೂ ಬೇಡ, ಸಹಿ ಹಾಕಿದರೆ ಮುಗಿಯಿತು. ಸಂದರ್ಶನ ಹಬ್ಬದ ಮರುವಾರವೇ ಇತ್ತು. ಏಕನಾಥ ಮನಸ್ಸಿನಲ್ಲೇ ತೂಗಿ ನೋಡಿದ. ಈಗ ಸಣ್ಣದು ಮಾಡಿಸೋಣ, ನೌಕರಿ ಸಿಕ್ಕ ಮೇಲೆ ತಾನೇ ಬಂದು ದೊಡ್ಡದು ಮಾಡಿಸಿದರಾಯಿತು ಎಂದುಕೊಂಡ. ಹೀಗೆ ನಮಗೆ ನಾವೇ ಕೊಟ್ಟುಕೊಳ್ಳುವ ಮಾತಿಗೆ ಸಾಕ್ಷಿ ಬೇಕಿಲ್ಲವಲ್ಲ, ಅದೇ ಅದರ ಸುಖ.

ಅವನು ಹೋದದ್ದು ದಸರೆಯ ಖಂಡೇಪೂಜೆಯ ದಿನ. ನೇಗಿಲು, ಕೊಡಲಿ, ಚಕ್ಕಡಿ ಎಲ್ಲಕ್ಕೂ ಪೂಜೆಯಾಗುವ ಆ ದಿನ ಬಾಗಿಲಿಗೆ ಬಂದವರನ್ನು ಯಾರೂ ಬರಿಗೈಯಲ್ಲಿ ಕಳಿಸುವುದಿಲ್ಲ. ಅದು ಅವನಿಗೆ ಗೊತ್ತಿತ್ತು. ಇನ್ನೊಂದೂ ಗೊತ್ತಿತ್ತು, ಕಾಕಾ ಹೇಳಿದ್ದು.

ಕಾರು ನಿಂತದ್ದು ಹಿತ್ತಿಲಲ್ಲಿ, ದನದ ಕೊಟ್ಟಿಗೆಗೂ ಒಣಗಿದ ಜೋಳದ ದಂಟಿನ, ಕಣಿಕೆಯ ಬಣವೆಗೂ ನಡುವೆ. ಶಲವಡಿಯಲ್ಲಿ ಕಾರಿಗೆ ಬೇರೆ ಮನೆ ಯಾರು ಕಟ್ಟುತ್ತಾರೆ? ದನ ಕಟ್ಟುವ ಕಡೆಯೇ ಅದನ್ನೂ ಕಟ್ಟಿದ ಹಾಗಿತ್ತು. ಚೆಂಡು ಹೂವಿನ ಮಾಲೆ ಹಾಕಿಕೊಂಡು, ಹಣೆಗೆ ವಿಭೂತಿ, ಕುಂಕುಮ ಬಳಿಸಿಕೊಂಡು ಅಂಬಾಸಿಡರ್ ಮದುಮಗನಂತೆ ಬೀಗುತ್ತಿತ್ತು. ಎಲ್ಲಿ ನಿಲ್ಲಿಸುತ್ತೀರಿ ಎಂದು ಏಕನಾಥ ಕೇಳುವ ಕಾರಣವೇ ಇರಲಿಲ್ಲ, ಕಣ್ಣೆದುರೇ ಬಣವೆ ಇತ್ತು. ಅದರ ಒಂದು ಕಣಿಕೆ ಅವನ ಅಂಗಿಯ ತೋಳಿಗೆ ತಾಗಿತು ಕೂಡ.

"ನಮ್ಮ ಮಾಸ್ತರ ಮಗಾ ಬಂದಾನ ನೋಡಬೇ," ಎಂದು ಕುಬೇರಪ್ಪ ಹೆಂಡತಿಗೆ ಕೂಗಿ ಹೇಳಿದ. ಏಕನಾಥನ ಕಡೆ ತಿರುಗಿ, "ವಿಮಾದಾಗ ನನಗೇನ ತಿಳೀತೈತಿ ತಮ್ಮಾ. ಯಾವುದು ಛಲೋ ಐತಿ ಅದನ್ನ ಮಾಡಿಬಿಡು. ನಿಮ್ಮಪ್ಪ ತೋರಿಸಿದಲ್ಲಿ ಸಹಿ ಮಾಡಾಕ ಕಲತಾಂವ ನಾ, ನೀ ತೋರಿಸಿದಲ್ಲೂ ಮಾಡ್ತೀನಿ," ಎಂದ.

"ಎರಡು ನಮೂನಿ ಇರ್ತಾವ್ರಿ," ಎಂದು ಏಕನಾಥ ಶುರು ಮಾಡಿದ. "ಒಂದು ಸಣ್ಣದು. ಇನ್ನೊಂದರಾಗ, ಈಗ ಗಾಡಿಗೆ ಬೆಂಕಿ ಹತ್ತಿತು ಅಂತ ತಿಳೀರಿ..."

ಆರತಿಯ ತಟ್ಟೆ ಹಿಡಿದು ಬಂದ ಸುಶೀಲವ್ವ ಅಲ್ಲೇ ನಿಂತಳು. "ಬಿಡ್ತು ಅನ್ರಿ ತಮ್ಮಾ. ಹಚ್ಚಿದ ಕುಂಕುಮಾ ಇನ್ನಾ ಹಸೀ ಐತಿ. ಪೂಜಿ ಹೊತ್ತಿನ್ಯಾಗ ಅಂಥಾ ಮಾತ ಬ್ಯಾಡ."

"ಬಿಡ್ತು," ಎಂದ ಏಕನಾಥ. ಹಾಗೆನ್ನುವಾಗ ಅವನ ಎದೆ ಹಗುರಾಯಿತು. ಬೇಸರವಲ್ಲ, ಅವಮಾನವಲ್ಲ, ಹಗುರ. ಅವಳು ತಡೆಯಲಿ ಎಂದೇ ಅವನು ಬೆಂಕಿಯ ಮಾತಿನಿಂದ ಶುರು ಮಾಡಿದ್ದ. ತಡೆದರೆ ಹೇಳುವ ಕೆಲಸ ತಪ್ಪುತ್ತದೆ, ಹೇಳಲು ಹೋಗಿದ್ದೆ ಎಂಬುದೂ ಉಳಿಯುತ್ತದೆ. ಆಮೇಲೆ ಕುಬೇರಪ್ಪನಿಗೆ, "ಸದ್ಯಕ್ಕ ಸಣ್ಣದು ಸಾಕ್ರಿ," ಎಂದ. ಕುಬೇರಪ್ಪ ತೋರಿಸಿದಲ್ಲಿ ಸಹಿ ಮಾಡಿದ. ಸುಶೀಲವ್ವ ಹೋಳಿಗೆಯ ಮೇಲೆ ತುಪ್ಪ ಸುರಿದು ಸುರಿದು ಬಡಿಸಿದಳು, ಮಾಸ್ತರರ ಮಗ ಬಡವಾಗಿದ್ದಾನೆಂದು.

ಸಂದರ್ಶನದಲ್ಲಿ ಸಾಹೇಬರು ಪಾಲಿಸಿಯ ವಿಷಯವನ್ನೇ ಕೇಳಿದರು. ಗಿರಾಕಿಗೆ ಹೇಗೆ ತಿಳಿಸಿ ಹೇಳಿದಿರಿ ಎಂದೂ ಕೇಳಿದರು. ಏಕನಾಥ ಕಾಕಾನ ಪಾಠವನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ಗಾಡಿ ಯಾತಕ್ಕೆ, ಯಾರು ಹೊಡೆಯುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ ಎಂದು ಕೇಳಿದೆ, ಏನು ಸಿಗುವುದಿಲ್ಲ ಎಂಬುದನ್ನು ಮೊದಲು ಹೇಳಿದೆ, ಗಂಡ ಹೆಂಡತಿ ಇಬ್ಬರನ್ನೂ ಕೂಡಿಸಿಕೊಂಡಿದ್ದೆ ಎಂದ. ಸಾಹೇಬರು ಪಕ್ಕದವರ ಕಡೆ ನೋಡಿ ಮೆಚ್ಚುಗೆಯಿಂದ ತಲೆ ಆಡಿಸಿದರು. ನೌಕರಿ ಸಿಕ್ಕಿತು. ಅಣ್ಣಿಗೇರಿಯ ಓಣಿಗೆಲ್ಲ ಮಥುರಾಬಾಯಿ ಪೇಢೆ ಹಂಚಿದಳು, ಪೋಸ್ಟ್‌ಮನ್‌ಗೆ ಎರಡು ಹೆಚ್ಚಿಗೆ.

ಶಲವಡಿಗೆ ಹೋಗಬೇಕು ಎಂಬುದು ಅವನಿಗೆ ಮರೆತಿರಲಿಲ್ಲ. ಮರೆತಿದ್ದರೆ ನಮಗೆ ಅವನ ಮೇಲೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಮೊದಲ ತಿಂಗಳು ಹೊಸ ಕೆಲಸದ ಗಡಿಬಿಡಿ ಎಂದ. ಆಮೇಲೆ ಸಂಕ್ರಮಣ ಮುಗಿಯಲಿ ಎಂದ. ಅವರಿಗೆ ಸುಗ್ಗಿ ಇರುತ್ತದೆ, ಈಗ ಹೋದರೆ ತೊಂದರೆ ಎಂದ. ಹೊಸ ಸುಗ್ಗಿಯ ಕಣಿಕೆ ಬಂದು ಆ ಬಣವೆ ಇನ್ನಷ್ಟು ಎತ್ತರವಾಗಿರುತ್ತದೆ ಎಂದು ಮಾತ್ರ ಅವನ ತಲೆಗೆ ಹೊಳೆಯಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ, ಊರೆಲ್ಲ ಉಂಡು ಮಲಗಿದ ಹೊತ್ತಿನಲ್ಲಿ ಯಾರ ಒಲೆಯ ಕಿಡಿ ಹಾರಿ ಬಂತೋ, ಬಣವೆ ಹೊತ್ತಿಕೊಂಡಿತು. ದನಗಳನ್ನು ಬಿಚ್ಚಿದರು, ಜನಕ್ಕೆ ಏನೂ ಆಗಲಿಲ್ಲ. ಕಾರು ಮಾತ್ರ ಬಣವೆಯ ಜೊತೆ ಪೂರ್ತಿ ಸುಟ್ಟುಹೋಯಿತು.

ಕುಬೇರಪ್ಪ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದ. ಕಚೇರಿಯಲ್ಲಿ ಏಕನಾಥನ ಮೇಜಿನ ಮುಂದೆ ನಿಂತು, ನಮ್ಮ ಹುಡುಗ ಇಲ್ಲೇ ಇದ್ದಾನಲ್ಲ ಎಂಬ ಧೈರ್ಯದಿಂದ ಒಂದು ಸಲ ನಕ್ಕ. ಸಾಹೇಬರು ಇಬ್ಬರನ್ನೂ ಒಳಗೆ ಕರೆದು, ಪಾಲಿಸಿ ನೋಡಿ, ಇದರಲ್ಲಿ ನಿಮ್ಮ ಗಾಡಿಗೆ ಏನೂ ಬರುವುದಿಲ್ಲ ಎಂದು ಮೆತ್ತಗೆ ಹೇಳಿದರು. ಅವರದೇನೂ ತಪ್ಪಿರಲಿಲ್ಲ. ಆಮೇಲೆ ಅವರ ದೃಷ್ಟಿ ಏಕನಾಥನ ಕಡೆ ತಿರುಗಿತು. ಅವನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

"ನೀವು ಇವರಿಗೆ ತಿಳಿಸಿ ಹೇಳಿದ್ದಿರಿ ಅಲ್ಲವೇ?" ಎಂದು ಸಾಹೇಬರು ಕೇಳಿದರು.

ಏಕನಾಥ ಬಾಯಿ ತೆರೆಯುವುದರೊಳಗೆ ಕುಬೇರಪ್ಪನೇ ಉತ್ತರ ಕೊಟ್ಟ. "ಹುಡುಗಂದು ಏನೂ ತಪ್ಪಿಲ್ರಿ ಸಾಹೇಬರ. ಬೆಂಕಿ ಹತ್ತಿದ್ರ ಅಂತ ಹೇಳಾಕ ಬಂದಿದ್ದನ್ರಿ. ನಮ್ಮ ಮನ್ಯಾಕೀನ ಅವನ ಬಾಯಿ ಮುಚ್ಚಿಸಿದಳು. ನನ್ನ ಕಣ್ಣ ಮುಂದ ಆಗೈತ್ರಿ."

ಆಗ ಒಂದು ಮಾತು ಸಾಕಿತ್ತು. ಏಕನಾಥ ಮೇಜಿನ ಗಾಜಿನ ಕೆಳಗಿನ ಕ್ಯಾಲೆಂಡರ್ ನೋಡುತ್ತ ನಿಂತ. ಸಾಹೇಬರು ಉಸ್ಸೆಂದು, ಹೆಣ್ಣುಮಕ್ಕಳ ತಿಳಿವಳಿಕೆಯೇ ಇಷ್ಟು ಎಂದರು. ಕುಬೇರಪ್ಪ ಹೋಗುವಾಗ ಇವನ ಬೆನ್ನು ತಟ್ಟಿ, "ಮನಸಿಗೆ ಹಚ್ಚಿಕೋಬ್ಯಾಡ ತಮ್ಮಾ," ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದ. ಬೆನ್ನ ಮೇಲೆ ಆ ಕೈ ಬಿದ್ದ ಜಾಗ ದಿನವೆಲ್ಲ ಉರಿಯಿತು.

ಮುಂಗಾರು ಶುರುವಾದ ಮೇಲೆ ವೆಂಕಣ್ಣ ಕಾಕಾ ಯಾವುದೋ ಕೆಲಸಕ್ಕೆ ಶಲವಡಿಗೆ ಹೋಗಿ ಬಂದ. ಭಾನುವಾರ ಏಕನಾಥ ಅಣ್ಣಿಗೇರಿಗೆ ಬಂದಾಗ ಕಾಕಾ ಯಾಕೋ ಬೈಯಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು.

"ಕುಬೇರಪ್ಪನ ತಾಯಿ ಮಲ್ಲಕ್ಕ ಸೊಸಿ ಜೋಡಿ ಮಾತು ಬಿಟ್ಟಾಳಂತ," ಎಂದ ಕಾಕಾ. "ಆಕಿ ಮಾಡಿದ ರೊಟ್ಟಿ ಮುಟ್ಟೂದಿಲ್ಲಂತ. ಆ ವಯಸ್ಸಿನ್ಯಾಗ ಮುದುಕಿ ಬ್ಯಾರೆ ಒಲಿ ಹೂಡಿ ತಾನ ರೊಟ್ಟಿ ಬಡಕೊಂಡು ತಿಂತಾಳ. ಮನಿಗೆ ಬಂದ ಭಾಗ್ಯಾ ನಿನ್ನ ಬಾಯಿಂದ ಸುಟ್ಟು ಹೋತು ಅಂತ ಊರ ಮುಂದ ಅಂದಾಳಂತ. ಆ ಹೆಣ್ಣಮಗಳು ಹೂಂ ಅಂತ ಹೊತಗೊಂಡು ಕೂತಾಳ." ಕಾಕಾ ಅಡಕೆ ಕತ್ತರಿಸುವುದನ್ನು ನಿಲ್ಲಿಸಿದ. "ಖಂಡೇಪೂಜಿ ದಿವಸನ ಯಾಕ ಹೋಗಿದ್ದಿ ನೀ?"

ಏಕನಾಥ ಕೆಳಗೆ ಬಿದ್ದ ಅಡಕೆಯ ಚೂರು ಆರಿಸತೊಡಗಿದ. ಕಾಕಾ ಮತ್ತೆ ಕೇಳಲಿಲ್ಲ.

"ನಾ ಹೋಗಿ ಹೇಳಿದ್ರ ಅದು ಚಾಡೀ ಆಗ್ತದ," ಎಂದಷ್ಟೇ ಹೇಳಿ ಅಡಕೊತ್ತು ಕೈಗೆತ್ತಿಕೊಂಡ.

ಅದೇ ದಿನ ಶಲವಡಿಯ ಬಸ್ಸಿನಲ್ಲಿ ಏಕನಾಥ ಮಾತನ್ನು ಹೊಂದಿಸಿಕೊಳ್ಳುತ್ತ ಕೂತ. ಸುಶೀಲವ್ವನಿಗೆ ಒಬ್ಬಳಿಗೇ ಮೆಲ್ಲಗೆ ಹೇಳಿ ಬಂದುಬಿಡುವುದು, ಅವಳ ಮನಸ್ಸು ಹಗುರಾದರೆ ಸಾಕು, ಉಳಿದವರಿಗೆ ಅವಳೇ ಹೇಳಿಕೊಳ್ಳುತ್ತಾಳೆ. ತಪ್ಪು ಒಪ್ಪಿಕೊಳ್ಳುವುದರಲ್ಲೂ ಅವನು ಸಣ್ಣ ವಿಮೆಯನ್ನೇ ಹುಡುಕುತ್ತಿದ್ದ.

ಹಿತ್ತಿಲಲ್ಲಿ ಸುಶೀಲವ್ವ ಎಮ್ಮೆಗೆ ಮೇವು ಹಾಕುತ್ತಿದ್ದಳು. ಪಾಟಲಿ ಇಲ್ಲದ ಕೈಯಲ್ಲಿ ಬರೀ ಹಸಿರು ಬಳೆ. ಕರಕಾದ ನೆಲದಲ್ಲಿ ಮಳೆಗೆ ಹುಲ್ಲು ಚಿಗುರಿತ್ತು. ಇವನನ್ನು ಕಂಡವಳೇ ಸೆರಗು ಸರಿ ಮಾಡಿಕೊಂಡು, "ಬರ್ರಿ ತಮ್ಮಾ. ಆವತ್ತ ನಿಮ್ಮ ಮಾತಿಗೆ ಅಡ್ಡ ಬಂದ್ನಿ. ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ," ಎಂದಳು.

ಬಸ್ಸಿನಲ್ಲಿ ಹೊಂದಿಸಿದ್ದೆಲ್ಲ ಚದುರಿಹೋಯಿತು. "ನಿಮ್ಮದೇನೂ ತಪ್ಪಿಲ್ರಿ ಅಕ್ಕಾರ," ಎಂದ. "ನೀವು ತಡೀಲಿ ಅಂತನ ನಾ ಹಬ್ಬದ ದಿವಸ ಬಂದಿದ್ದೆ. ದೊಡ್ಡ ವಿಮಾ ಮಾಡಸ್ಲಿಕ್ಕೆ ತಡಾ ಆಗ್ತಿತ್ತು, ನನಗ ನೌಕರಿ ಅವಸರಿತ್ತು. ಮರುದಿವಸ ಬಂದು ಹೇಳಬಹುದಿತ್ತು. ಹೇಳಲಿಲ್ಲ. ಬೇಕಂತ ಹೇಳಲಿಲ್ಲ."

ಸುಶೀಲವ್ವ ಕೈಯಲ್ಲಿದ್ದ ಮೇವು ಕೆಳಗಿಟ್ಟಳು. ಅವಳ ಕಣ್ಣಲ್ಲಿ ನೀರು ಬಂತು, ಆದರೆ ಅವನು ಅಂದುಕೊಂಡ ಕಾರಣಕ್ಕಲ್ಲ.

"ನನ್ನ ಸಮಾಧಾನಕ್ಕ ಇಷ್ಟ ದೂರ ಬಂದು ತಪ್ಪು ನಿಮ್ಮ ತಲೀ ಮ್ಯಾಲೆ ತಗೊಳ್ಳಾಕತ್ತೀರಲ್ಲ," ಎಂದಳು. "ಮಾಸ್ತರ ಮಗಾ ಅಂದ್ರ ಹಿಂಗಿರಬೇಕ ನೋಡ್ರಿ. ಕೂಡ್ರಿ, ಚಹಾ ಮಾಡ್ತೀನಿ."

ಅವಳು ಒಳಗೆ ಹೋದಳು. ಏಕನಾಥ ಒಬ್ಬನೇ ಉಳಿದ. ಹೇಳಿ ಆಯಿತು, ಕೇಳಿಸಿಕೊಂಡೂ ಆಯಿತು, ಇನ್ನು ಚಹಾ ಕುಡಿದು ಬಸ್ ಹತ್ತಬಹುದು. ಮೊದಲಿಗಿಂತ ಒಳ್ಳೆಯ ಹೆಸರು ಹೊತ್ತುಕೊಂಡೇ ಹೋಗಬಹುದು. ಹಿತ್ತಿಲಿನ ಬಾಗಿಲು ಅಲ್ಲೇ ಇತ್ತು, ಯಾರೂ ಕೈ ಹಿಡಿದು ನಿಲ್ಲಿಸಿರಲಿಲ್ಲ. ಅವನು ಮನೆ ಸುತ್ತಿ ಮುಂದಿನ ಕಟ್ಟೆಗೆ ಬಂದ.

ಮಲ್ಲಕ್ಕ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದಳು. ಬಾಜುವಿನಲ್ಲಿ ಅವಳದೇ ಒಲೆ, ಅವಳದೇ ತವೆ. ಏಕನಾಥ ಹತ್ತಿರ ಕೂತು ಮೆಲ್ಲಗೆ ಹೇಳತೊಡಗಿದ. ಮುದುಕಿ ಕಿವಿಗೆ ಕೈ ಹಚ್ಚಿದಳು.

"ಗಟ್ಟಿ ಹೇಳೋ ಯಪ್ಪಾ. ನನಗ ಕೇಳೂದಿಲ್ಲ."

ಅವನು ಸ್ವಲ್ಪ ದನಿ ಏರಿಸಿದ. ಮುದುಕಿ ತಲೆ ಅಲ್ಲಾಡಿಸಿದಳು. ಎದುರು ಮನೆಯ ಕಟ್ಟೆಯಲ್ಲಿ ಹಗ್ಗ ಹೊಸೆಯುತ್ತಿದ್ದ ಗುಡದಪ್ಪ ಇತ್ತ ನೋಡಿದ. ನೀರಿನ ಕೊಡ ಹೊತ್ತ ಹೆಂಗಸರಿಬ್ಬರು ನಿಂತರು. ಏಕನಾಥ ಎದ್ದು ನಿಂತು, ಉಸಿರು ಎಳೆದುಕೊಂಡು, ಸಂತೆಯಲ್ಲಿ ಕೂಗಿ ಮಾರುವವನಂತೆ ಕೂಗಿದ.

"ತಪ್ಪು ನಿಮ್ಮ ಸೊಸೀದಲ್ಲ. ನಂದು. ದೊಡ್ಡ ವಿಮಾ ಮಾಡಿಸಿದ್ರ ಕಾರಿನ ರೊಕ್ಕ ಬರ್ತಿತ್ತು. ಬಣವಿ ಬಾಜೂಕ ನಿಲ್ಲಸ್ತೀರಿ ಅಂತ ನೋಡೀನೂ ನಾ ಹೇಳಲಿಲ್ಲ. ನನ್ನ ನೌಕರಿ ಸಲುವಾಗಿ ಹೇಳಲಿಲ್ಲ. ಆಕಿ ಬಾಯಿ ಮುಚ್ಚಿಸಲಿಲ್ಲ, ನಾನ ಮುಚ್ಚಿಕೊಂಡೆ."

ಮಲ್ಲಕ್ಕನ ಕೈಯ ಮೊರ ನಿಂತಿತು. ಹೊಲದಿಂದ ಬಂದ ಕುಬೇರಪ್ಪ ಎತ್ತಿನ ಹಗ್ಗ ಹಿಡಿದು ಓಣಿಯ ನಡುವೆ ನಿಂತಿದ್ದ, ಯಾವಾಗಿನಿಂದಲೋ. ಅವನು ಬೈಯಲಿಲ್ಲ. ಹಗ್ಗವನ್ನು ಗೂಟಕ್ಕೆ ಕಟ್ಟಿ, ಕೈ ಜಾಡಿಸಿಕೊಂಡು, ಹತ್ತಿರ ಬಂದು ಮೆಲ್ಲಗೆ ಮಾತಾಡಿದ.

"ಆವತ್ತ ನಿಮ್ಮ ಸಾಹೇಬರ ಮುಂದ ನೀ ಅಲ್ಲೇ ನಿಂತಿದ್ದೀ. ನನ್ನ ಹೇಂತಿ ಹೆಸರ ನನ್ನ ಬಾಯಿಲೇನ ಕೆಡಿಸಿದ್ಯಲ್ಲೋ."

"ನಾಳೆ ಸಾಹೇಬರ ಮುಂದನೂ ಹೇಳ್ತೀನ್ರಿ," ಎಂದ ಏಕನಾಥ. ಅದನ್ನು ಹೇಳಿದರೆ ನೌಕರಿ ಉಳಿಯುತ್ತದೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಕುಬೇರಪ್ಪ ಹೇಳು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಎತ್ತಿಗೆ ನೀರು ಕುಡಿಸಲು ಹೋದ.

ಸುಶೀಲವ್ವ ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಈಗ ಅವಳು ನಂಬಿದ್ದಳು. ಇಷ್ಟು ದಿನ ತಪ್ಪು ತನ್ನದೆಂದು ಹೊತ್ತು ಬಾಗಿದ ಮುಖ ಮೊದಲ ಸಲ ನೇರವಾಯಿತು. ಅದರಲ್ಲಿ ಸಮಾಧಾನವಿರಲಿಲ್ಲ, ಸಿಟ್ಟಿತ್ತು. ಏಕನಾಥ ಅಭ್ಯಾಸದ ಮೇಲೆ ಕೈ ಚಾಚಿದ. ಅವಳು ಅವನನ್ನು ದಾಟಿ ಹೋಗಿ ಬಟ್ಟಲನ್ನು ಅತ್ತೆಯ ಮುಂದೆ ಇಟ್ಟಳು.

ಮಲ್ಲಕ್ಕ ಮೊರವನ್ನು ಬದಿಗೆ ಸರಿಸಿದಳು. ಆಮೇಲೆ ಎತ್ತಿಕೊಂಡು, ಸೊಸೆಯ ಮುಖ ನೋಡಲಾರದೆ ತಲೆ ತಗ್ಗಿಸಿ ಕುಡಿದಳು. ಕೊಡ ಹೊತ್ತ ಹೆಂಗಸರು ಮುಂದೆ ಸಾಗಿದರು, ಗುಡದಪ್ಪ ಹಗ್ಗ ಹೊಸೆಯತೊಡಗಿದ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಏಕನಾಥ ಇನ್ನೂ ಅಲ್ಲೇ ನಿಂತಿದ್ದ. ಮಾಸ್ತರರು ಇಷ್ಟು ವರ್ಷ ಇದ್ದ ಊರಿನಲ್ಲಿ ಅವರ ಮಗನಿಗೆ ಆ ದಿನ ಕೂಡು ಎಂದು ಯಾರೂ ಅನ್ನಲಿಲ್ಲ.